ನೊಣ ಮುಗಿಸಲು ನೊಣ ಸಾಕಿದವರು

ಪರಿಸರ ದಿನ ಬಂತೆಂದರೆ ಪ್ಲಾಸ್ಟಿಕ್ ಬಾಟಲಿಗಳು ಹೂಕುಂಡಗಳಾಗುತ್ತವೆ, ಹಳೇ ಟೈರುಗಳಿಗೆ ಬಣ್ಣ ಬೀಳುತ್ತದೆ. ಸೃಜನಶೀಲತೆ ಎಂದು ಬಹುಮಾನವೂ ಸಿಗುತ್ತದೆ. ಬೇಡ ಅನ್ನುತ್ತಿಲ್ಲ, ಮಕ್ಕಳಿಗೆ ಖುಷಿ. ಆದರೆ ಆ ಬಾಟಲಿ ಒಂದೆರಡು ವರ್ಷ ತಡವಾಗಿ ಕಸಕ್ಕೆ ಸೇರುತ್ತದೆ, ಅಷ್ಟೇ. ಹೊಸ ಬಾಟಲಿಗಳು ಬರುತ್ತಲೇ ಇರುತ್ತವೆ. ಪರಿಸರದ ತೊಡಕುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಹೊಸ ಯೋಚನೆಗಳು ಇಷ್ಟು ಚೆಂದ ಕಾಣುವುದಿಲ್ಲ. ನನಗೆ ಬಹಳ ಇಷ್ಟವಾದದ್ದಂತೂ ಒಂದು ಹೊಲಸು ನೊಣದ ಕಥೆ.

ಅಮೆರಿಕ ಖಂಡಗಳಲ್ಲಿ ಸ್ಕ್ರೂವರ್ಮ್ ಎಂಬ ನೊಣವಿದೆ. ದನವೋ ಜಿಂಕೆಯೋ, ಮೈಮೇಲೆ ಸಣ್ಣ ಗಾಯವಿದ್ದರೆ ಸಾಕು, ಅದರ ಅಂಚಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳುಗಳು ಹೊರಬಂದು ಜೀವಂತ ಮಾಂಸವನ್ನೇ ತಿನ್ನುತ್ತಾ ಒಳಗಿಳಿಯುತ್ತವೆ. ಹಾಗೇ ಬಿಟ್ಟರೆ ಪ್ರಾಣಿ ಸಾಯುತ್ತದೆ. 1940, 50ರ ದಶಕಗಳು ಡಿಡಿಟಿ ಎಂಬ ಕೀಟನಾಶಕದ ಕಾಲ. ಯಾವ ಕೀಟ ಕಾಟ ಕೊಟ್ಟರೂ ಉತ್ತರ ಒಂದೇ: ವಿಷ ಸಿಂಪಡಿಸು.

ಎಡ್ವರ್ಡ್ ನಿಪ್ಲಿಂಗ್ ಎಂಬ ಕೀಟತಜ್ಞ ಮಾತ್ರ 1930ರ ದಶಕದಲ್ಲೇ ಬೇರೊಂದು ಸಂಗತಿಯ ಹಿಂದೆ ಬಿದ್ದಿದ್ದರು. ಈ ನೊಣದ ಹೆಣ್ಣು ಬಾಳಿನಲ್ಲಿ ಒಂದೇ ಸಲ ಕೂಡುತ್ತದೆ. ಆ ಒಂದು ಸಲ ಸಿಕ್ಕ ಗಂಡು ಬಂಜೆಯಾಗಿದ್ದರೆ? ಅದು ಇಡುವ ಮೊಟ್ಟೆಗಳೆಲ್ಲ ಜೊಳ್ಳು. ಹಾಗಾದರೆ ನೊಣವನ್ನು ಕೊಲ್ಲಬೇಕಾಗಿಲ್ಲ. ಕೋಟಿಗಟ್ಟಲೆ ನೊಣ ಸಾಕಿ, ಬಂಜೆ ಮಾಡಿ, ಊರ ಮೇಲೆ ಬಿಡಬೇಕು. ನಗು ಬರುತ್ತೆ, ಅಲ್ವಾ? ಆಗಲೂ ಬಹಳ ಜನ ನಕ್ಕಿದ್ದರು.

ಸಾಕುವ ದಾರಿಯನ್ನು ಅವರ ಜೊತೆಗಾರ ರೇಮಂಡ್ ಬುಶ್‌ಲ್ಯಾಂಡ್ ಆಗಲೇ ಕಂಡುಕೊಂಡಿದ್ದರು. ಕೊಚ್ಚಿದ ಮಾಂಸ ಮತ್ತು ರಕ್ತ ಕೊಟ್ಟರೆ ಮರಿಹುಳುಗಳು ಜೀವಂತ ಪ್ರಾಣಿ ಇಲ್ಲದೆಯೂ ಬೆಳೆಯುತ್ತಿದ್ದವು. (ಆ ಕೋಣೆಯ ವಾಸನೆಯನ್ನು ನೀವೇ ಊಹಿಸಿಕೊಳ್ಳಿ.) ಬಂಜೆ ಮಾಡುವುದು ಹೇಗೆ ಎಂಬುದಕ್ಕೆ ಉತ್ತರ ಬೇರೆಲ್ಲೋ ಇತ್ತು. ಹರ್ಮನ್ ಮುಲ್ಲರ್ 1927ರಲ್ಲೇ ಹಣ್ಣಿನ ನೊಣಗಳಿಗೆ ಎಕ್ಸ್-ರೇ ಹಾಯಿಸಿ ಅವುಗಳ ಆನುವಂಶಿಕ ಗುಣ ಬದಲಾಗುವುದನ್ನು ತೋರಿಸಿದ್ದರು. ಅದು ತಳಿವಿಜ್ಞಾನದ ಲೋಕ, ದನದ ಗಾಯಕ್ಕೂ ಅದಕ್ಕೂ ಏನು ಸಂಬಂಧ? ನಿಪ್ಲಿಂಗ್ 1950ರ ಹೊತ್ತಿಗೆ ಮುಲ್ಲರ್‌ಗೆ ಕಾಗದ ಬರೆದು ಕೇಳಿದರು. ಆಗಬಹುದು ಎಂಬ ಉತ್ತರ ಬಂತು. ಬುಶ್‌ಲ್ಯಾಂಡ್ ಒಂದು ಸೇನಾ ಆಸ್ಪತ್ರೆಯ ಎಕ್ಸ್-ರೇ ಯಂತ್ರ ಬಳಸಿ ನೊಣದ ಪ್ಯೂಪಾಗಳ (ಮರಿಹುಳು ನೊಣವಾಗುವ ಮುಂಚಿನ ಹಂತ) ಮೇಲೆ ಪ್ರಯೋಗ ಮಾಡಿದರು. ನೊಣಗಳು ಬದುಕಿದವು, ಕೂಡಿದವು, ಮರಿ ಮಾತ್ರ ಆಗಲಿಲ್ಲ. ಹೊಸ ಯೋಚನೆ ದಿಢೀರನೆ ತಲೆಯಲ್ಲಿ ಹೊಳೆಯುತ್ತದೆ ಎಂದು ನಂಬುವವರು ಈ ದಿನಾಂಕಗಳನ್ನು ಒಮ್ಮೆ ನೋಡಬೇಕು. ಹೊಳೆದದ್ದಕ್ಕೂ ಕೈಗೂಡಿದ್ದಕ್ಕೂ ನಡುವೆ ಹತ್ತು ವರ್ಷಕ್ಕಿಂತ ಜಾಸ್ತಿ ಕಳೆದಿತ್ತು.

ಈಗ ಇದರ ಲೆಕ್ಕ ನೋಡಿ. ಮಜಾ ಇರುವುದೇ ಅಲ್ಲಿ. ಒಂದು ಕಡೆ 10 ಲಕ್ಷ ಹೆಣ್ಣು, 10 ಲಕ್ಷ ಗಂಡು ಇವೆ ಅಂದುಕೊಳ್ಳಿ. ನೀವು 90 ಲಕ್ಷ ಬಂಜೆ ಗಂಡುಗಳನ್ನು ಬಿಡುತ್ತೀರಿ. ಹೆಣ್ಣಿಗೆ ಸರಿಯಾದ ಗಂಡು ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು. ಮುಂದಿನ ಪೀಳಿಗೆಯಲ್ಲಿ 1 ಲಕ್ಷ ಹೆಣ್ಣು ಉಳಿಯುತ್ತವೆ. ಮತ್ತೆ ಅದೇ 90 ಲಕ್ಷ ಬಿಡಿ. ಈಗ ಸಾಧ್ಯತೆ 91ರಲ್ಲಿ ಒಂದು, ಉಳಿಯುವುದು ಸುಮಾರು 1,100. ಮೂರನೇ ಸಲ ಅದೇ 90 ಲಕ್ಷ. ಸಾಧ್ಯತೆ ಎಂಟು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ, ಉಳಿಯುವ ಹೆಣ್ಣು ಒಂದಕ್ಕಿಂತ ಕಡಿಮೆ. ಅಂದರೆ ಕಥೆ ಮುಗಿಯಿತು. ನಿಜದಲ್ಲಿ ಉಳಿದ ನೊಣಗಳು ಮರಿ ಹಾಕಿ ಹೆಚ್ಚುತ್ತವೆ, ಅದಕ್ಕೆ ಇನ್ನಷ್ಟು ಸುತ್ತು ಬೇಕು. ಲೆಕ್ಕದ ಗುಣ ಮಾತ್ರ ಅದೇ.

ವಿಷದ ಲೆಕ್ಕ ಇದಕ್ಕೆ ತಿರುಗಾಮುರುಗಾ. ನೂರಕ್ಕೆ ತೊಂಬತ್ತು ಸಾಯಿಸುವ ವಿಷ ಪ್ರತಿಸಲವೂ ನೂರಕ್ಕೆ ತೊಂಬತ್ತನ್ನೇ ಸಾಯಿಸುತ್ತದೆ. ಉಳಿದ ಕೆಲವೇ ಕೆಲವು ಡಬ್ಬಿಯ ತಳಕ್ಕಂಟಿದ ಜೇನಿನ ಹಾಗೆ, ಎಷ್ಟು ಕೆರೆದರೂ ಸಿಗುವುದಿಲ್ಲ. ಬಂಜೆ ಗಂಡು ಹಾಗಲ್ಲ. ಹೆಣ್ಣು ಎಲ್ಲೇ ಅಡಗಿರಲಿ, ತಾನೇ ಹುಡುಕಿಕೊಂಡು ಹೋಗುತ್ತದೆ. ನೊಣ ಕಡಿಮೆಯಾದಷ್ಟೂ ಅದರ ಪೆಟ್ಟು ಜೋರು. ಬೇರೆ ಜೀವಿಗೆ ಅದು ಏನೂ ಮಾಡುವುದಿಲ್ಲ.

1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ ಮೇಲೆ ವಿಮಾನದಿಂದ ಬಂಜೆ ನೊಣಗಳನ್ನು ಬಿಟ್ಟರು. ಅಲ್ಲಲ್ಲಿ ಗಾಯವಿದ್ದ ಆಡುಗಳನ್ನು ಕಟ್ಟಿ, ಗಾಯದ ಮೇಲಿನ ಮೊಟ್ಟೆಗಳು ಒಡೆಯುತ್ತವೋ ಇಲ್ಲವೋ ಎಂದು ನೋಡುತ್ತಾ ಹೋದರು. ಜೊಳ್ಳು ಮೊಟ್ಟೆ ಹೆಚ್ಚುತ್ತಾ ಹೋಯಿತು. ಆಮೇಲೆ ಮೊಟ್ಟೆಯೇ ಕಾಣಲಿಲ್ಲ. ಕೆಲವೇ ತಿಂಗಳಲ್ಲಿ ದ್ವೀಪ ಚೊಕ್ಕಟ. ಮುಂದಿನ ದಶಕಗಳಲ್ಲಿ ಈ ನೊಣವನ್ನು ಅಮೆರಿಕ, ಮೆಕ್ಸಿಕೊ ದಾಟಿಸಿ ಪನಾಮಾದ ಅಂಚಿನವರೆಗೆ ತಳ್ಳಿದರು. ಅಲ್ಲಿ ಬಂಜೆ ನೊಣಗಳದ್ದೇ ಒಂದು ಬೇಲಿ. ಆ ಬೇಲಿ ಶಾಶ್ವತವೇನಲ್ಲ. 2023ರಲ್ಲಿ ನೊಣ ಅದನ್ನು ದಾಟಿತು, 2024ರ ನವೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಕಾಣಿಸಿತು.

ಲಡಾಖ್‌ನ ಮಂಜಿನ ಸ್ತೂಪಗಳ (ಬೇಸಿಗೆಗೆಂದು ನೀರನ್ನು ಹೆಪ್ಪುಗಟ್ಟಿಸಿ ನಿಲ್ಲಿಸಿದ ಶಂಕುಗಳು) ಹಿಂದೆಯೂ ಇಂಥದ್ದೇ ಲೆಕ್ಕವಿದೆ. ಅಲ್ಲಿ ಬಿತ್ತನೆಗೆ ನೀರು ಬೇಕಾದಾಗ ಹಿಮನದಿ ಇನ್ನೂ ಕರಗಿರುವುದಿಲ್ಲ. ಚಳಿಗಾಲದ ನೀರೋ, ಸುಮ್ನೆ ಹರಿದುಹೋಗುತ್ತದೆ. ಅಲ್ಲಿನ ಎಂಜಿನಿಯರ್ ಚೆವಾಂಗ್ ನೊರ್ಫೆಲ್ 1980ರ ದಶಕದಲ್ಲೇ ಆ ನೀರನ್ನು ಎತ್ತರದ, ನೆರಳಿನ ಕಣಿವೆಗಳಲ್ಲಿ ತೆಳುವಾಗಿ ಹರಡಿ ಹೆಪ್ಪುಗಟ್ಟಿಸಿದರು. ನೆರಳಿನ ಜಾಗ ಎಲ್ಲ ಹಳ್ಳಿಗೂ ಹತ್ತಿರ ಇರಬೇಕಲ್ಲ? 2013ರ ಹೊತ್ತಿಗೆ ಸೋನಮ್ ವಾಂಗ್ಚುಕ್ ಆಕಾರವನ್ನೇ ಬದಲಿಸಿದರು. ಒಂದು ಸಾವಿರ ಘನ ಮೀಟರ್ ಮಂಜನ್ನು ಅರ್ಧ ಮೀಟರ್ ದಪ್ಪ ಹಾಸಿದರೆ 2,000 ಚದರ ಮೀಟರ್ ಬಿಸಿಲಿಗೆ ತೆರೆದಿರುತ್ತದೆ. ಅಷ್ಟೇ ಮಂಜನ್ನು 20 ಮೀಟರ್ ಎತ್ತರದ ಶಂಕುವಾಗಿ ನಿಲ್ಲಿಸಿದರೆ ಸುಮಾರು 460. ಬಿಸಿಲು ತಾಗುವುದು ಕಡಿಮೆ, ಕರಗುವುದೂ ನಿಧಾನ. ನೀರನ್ನು ಪಂಪಿಲ್ಲದೆ ಮೇಲೇರಿಸುವುದು ಕೊಳವೆಯ ಇಳಿಜಾರು.

ಎಲ್ಲರೂ ಮಾಡುವುದನ್ನು ತಲೆಕೆಳಗೆ ಮಾಡಿದರೆ ಸಾಕು ಅಂದುಕೊಂಡವರಿಗೆ ಆಸ್ಟ್ರೇಲಿಯಾ ಇದೆ. ಕಬ್ಬಿನ ಜೀರುಂಡೆಗೆ ವಿಷ ಯಾಕೆ, ಅದನ್ನು ತಿನ್ನುವ ಕಪ್ಪೆ ತರೋಣ ಎಂದು 1935ರಲ್ಲಿ ಹವಾಯಿಯಿಂದ ನೂರರಷ್ಟು ಕೇನ್ ಟೋಡ್‌ಗಳನ್ನು ತಂದರು. ಕೇಳೋಕೆ ಜಾಣ ಉಪಾಯವೇ. ಆದರೆ ಜೀರುಂಡೆ ಇರುವುದು ಕಬ್ಬಿನ ಮೇಲ್ತುದಿಯಲ್ಲಿ, ಕಪ್ಪೆ ಇರುವುದು ನೆಲದ ಮೇಲೆ. ಜೀರುಂಡೆ ಉಳಿಯಿತು. ಕಪ್ಪೆ ದೇಶದ ಉತ್ತರಕ್ಕೆಲ್ಲ ಹಬ್ಬಿತು. ಅದರ ಮೈಯೆಲ್ಲ ವಿಷ, ತಿಂದ ಉಡಗಳು ಸಾಲುಸಾಲಾಗಿ ಸತ್ತವು.

ಈಗ ಅಲ್ಲಿನ ವಿಜ್ಞಾನಿಗಳು ಮಾಡಿರುವುದು ಇನ್ನೂ ವಿಚಿತ್ರ. ದೊಡ್ಡ ಕಪ್ಪೆಗಳ ದಂಡು ಬರುವ ಮೊದಲೇ ಆ ಜಾಗದಲ್ಲಿ ತಾವೇ ಮರಿಕಪ್ಪೆಗಳನ್ನು ಬಿಡುತ್ತಾರೆ. ಮರಿಯ ವಿಷ ಕೊಲ್ಲುವಷ್ಟಿಲ್ಲ. ತಿಂದ ಉಡಕ್ಕೆ ಹೊಟ್ಟೆ ಕೆಡುತ್ತದೆ, ಆಮೇಲೆ ಕಪ್ಪೆಯ ತಂಟೆಗೇ ಹೋಗುವುದಿಲ್ಲ. 2024ರಲ್ಲಿ ಪ್ರಕಟವಾದ ಕಿಂಬರ್ಲಿ ಪ್ರದೇಶದ ಅಧ್ಯಯನದಲ್ಲಿ, ಮರಿ ಬಿಟ್ಟ ಕಡೆ ಉಡಗಳು ಉಳಿದವು. ಬಿಡದ ಕಡೆ ಹೆಚ್ಚುಕಡಿಮೆ ಕಾಣೆಯಾದವು.