‘ಐದು ವರ್ಷದಿಂದ’ ಎನ್ನಲು ಸಿನ್ಸ್ ಏಕೆ ಸಲ್ಲದು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಗುಮಾಸ್ತನಾಗಿದ್ದೇನೆ. ಬೇರೆ ಕೆಲಸಕ್ಕೆ ಬರೆದ ಅರ್ಜಿಯಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದಿತ್ತು. ಓದಿದ ಗೆಳೆಯ ‘ಸಿನ್ಸ್’ ಮೇಲೆ ಕೆಂಪು ಗೆರೆ ಎಳೆದ. ‘ಐದು ವರ್ಷದಿಂದ’ ಎನ್ನಲು ಮತ್ತೇನು ಬರೆಯಬೇಕು?

ಉತ್ತರ: ನಿಮ್ಮ ಗೆಳೆಯರು ಒಂದೇ ಗೆರೆ ಎಳೆದು ಬಿಟ್ಟರು; ಎಳೆಯಬೇಕಾದದ್ದು ಎರಡು. ‘ಸಿನ್ಸ್’ ಇರುವಲ್ಲಿ ‘ಫಾರ್’ ಬರಬೇಕು, ‘ಆಮ್ ವರ್ಕಿಂಗ್’ ಇರುವಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’.

ನಮ್ಮ ‘ಇಂದ’ ಪ್ರತ್ಯಯದ ಔದಾರ್ಯವೇ ಇಲ್ಲಿ ತೊಡಕು. 2019ರಿಂದ, ಐದು ವರ್ಷದಿಂದ, ನಾಳೆಯಿಂದ – ಎಲ್ಲಕ್ಕೂ ಅದೊಂದೇ ಸಾಕು. ಇಂಗ್ಲಿಷಿಗೆ ಸಾಲದು. ಯಾವಾಗ ಶುರುವಾಯಿತು ಎಂದು ಹೇಳುವಾಗ ಸಿನ್ಸ್. ಎಷ್ಟು ಕಾಲ ಎಂಬ ಅಳತೆಗೆ ಫಾರ್. ಇನ್ನೂ ಬಾರದ ನಾಳೆಗೆ ಫ್ರಮ್.

ಕಾಸರಗೋಡಿನವರಿಗೆ ಇದು ಅಷ್ಟು ಕಷ್ಟವಾಗಬಾರದು. ಬಸ್ಸಿನಲ್ಲಿ, ಪಂಚಾಯತು ಕಚೇರಿಯಲ್ಲಿ ದಿನವೂ ಕಿವಿಗೆ ಬೀಳುವ ಮಲಯಾಳದಲ್ಲಿ ಈ ಭೇದ ಸ್ಪಷ್ಟವಾಗಿದೆ: ಆರಂಭಕ್ಕೆ ‘2019 ಮುದಲ್’, ಅಳತೆಗೆ ‘ಅಂಜು ವರ್ಷಮಾಯಿ’. ‘ಮುದಲ್’ ಒಪ್ಪುವಲ್ಲಿ ಸಿನ್ಸ್, ‘ಆಯಿ’ ಒಪ್ಪುವಲ್ಲಿ ಫಾರ್ ಹಾಕಿ ನೋಡಿ. ಇಂಗ್ಲಿಷ್ ತಿದ್ದಿಕೊಳ್ಳಲು ಮಲಯಾಳದ ನೆರವೇ ಎಂದು ನಮ್ಮ ಕನ್ನಡ ಹೋರಾಟಗಾರರು ಮುನಿದರೆ ಮುನಿಯಲಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಸಿದ್ದರಿಂದ ಇಷ್ಟಾದರೂ ಲಾಭವಾಗಲಿ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ: ‘ಕಾಸರಗೋಡ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1984’. ಅದನ್ನೇ ವರ್ಷಗಳಲ್ಲಿ ಎಣಿಸಿ ಹೇಳುವುದಾದರೆ ‘ಫಾರ್ ಫಾರ್ಟಿ ಇಯರ್ಸ್’, ಮೇಲೊಂದಿಷ್ಟು.

ಎರಡನೆಯ ಗೆರೆಯ ವಿಚಾರ. ‘ಬೆಳಗ್ಗಿನಿಂದ ಮಳೆ ಸುರಿಯುತ್ತಿದೆ’ ಎಂದರೆ ಕನ್ನಡದಲ್ಲಿ ಮಾತು ಮುಗಿಯಿತು. ‘ಇಟ್ ಈಸ್ ರೈನಿಂಗ್ ಸಿನ್ಸ್ ಮಾರ್ನಿಂಗ್’ ಎಂದರೆ ವ್ಯಾಕರಣ ಒಪ್ಪದು. ಅಂದು ಶುರುವಾಗಿ ಇಂದಿಗೂ ನಿಲ್ಲದ್ದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಸ್ ಬೀನ್ ರೈನಿಂಗ್’ ಎಂಬ ರೂಪ ಬೇಕು. ಬೀನ್‌ನ ಗೊಡವೆಯೇ ಬೇಡವೆಂದು ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದು ಬರೆದೀರಿ, ಜೋಕೆ! ನೀವು ಆಗಲೇ ಕೆಲಸ ಬಿಟ್ಟಿದ್ದೀರಿ ಎಂದು ಓದಿದವರು ತಿಳಿಯುತ್ತಾರೆ.

‘ಸಿನ್ಸ್ ಲಾಂಗ್’ ಎಂಬುದು ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲೂ ನುಸುಳುತ್ತದೆ. ‘ಫಾರ್ ಎ ಲಾಂಗ್ ಟೈಮ್’ ಎನ್ನಿ. ಆದರೆ ‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ಐ ಜಾಯಿನ್ಡ್’ ಎಂದು ಎಲ್ಲಾದರೂ ಕಂಡರೆ ಕೆಂಪು ಪೆನ್ನು ಎತ್ತಬೇಡಿ. ಅಲ್ಲಿ ಸಿನ್ಸ್ ಅಂಟಿಕೊಂಡಿರುವುದು ಕೆಲಸಕ್ಕೆ ಸೇರಿದ ದಿನಕ್ಕೆ, ಐದು ವರ್ಷಕ್ಕಲ್ಲ.