ನಾಣ್ಯ, ಇಸ್ಪೀಟೆಲೆ ಮತ್ತು ಕೈಚಳಕ: ಕಲಿಯುವವರಿಗಾಗಿ ಕೆಲವು ಟಿಪ್ಪಣಿಗಳು

ಎದುರಿಗೆ ಕುಳಿತವರ ಕೈಯಳತೆಯಲ್ಲೇ ತೋರಿಸುವ ಜಾದೂವಿನಲ್ಲಿ ಮರೆಗೆ ಪರದೆಯೂ ಇಲ್ಲ, ವೇದಿಕೆಯ ದೂರವೂ ಇಲ್ಲ. ಆ ಅಳುಕಿನಿಂದಲೇ ಹೊಸದಾಗಿ ಕಲಿಯುವವರು ನಾಣ್ಯ ಬಚ್ಚಿಡುವ ಕೈಯನ್ನು ತಿದ್ದುವುದರಲ್ಲಿಯೇ ಮುಳುಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಭ್ಯಾಸ ಬೇಕಾದದ್ದು ಇನ್ನೊಂದು ಕೈಗೆ, ಅಂದರೆ ಖಾಲಿಯಾಗಿದ್ದೂ ನಾಣ್ಯ ಹಿಡಿದಂತೆ ತೋರಬೇಕಾದ ಕೈಗೆ.

ಮೊದಲು ನಾಣ್ಯದ ಆಯ್ಕೆ. ಅಮೆರಿಕದ ಜಾದೂಗಾರರು ರೂಢಿಯಾಗಿ ಬಳಸುವ ಅರ್ಧ ಡಾಲರಿನ ವ್ಯಾಸ 30.6 ಮಿ.ಮೀ. ನಮ್ಮ ಚಲಾವಣೆಯಲ್ಲಿ ಅದಕ್ಕೆ ಹತ್ತಿರವಾದದ್ದು 27 ಮಿ.ಮೀ. ವ್ಯಾಸದ, ಸುಮಾರು 7.7 ಗ್ರಾಂ ತೂಕದ ಹತ್ತು ರೂಪಾಯಿ ನಾಣ್ಯ. 2019ರ ಸರಣಿಯ ಒಂದು ರೂಪಾಯಿ 20 ಮಿ.ಮೀ. ಮಾತ್ರ ಇರುವುದರಿಂದ ದೊಡ್ಡ ಬೆರಳಿನವರ ಕೈಯಲ್ಲಿ ನಿಲ್ಲದೆ ಜಾರುತ್ತದೆ. ಹತ್ತು ರೂಪಾಯಿ ನಾಣ್ಯ ಅದುವರೆಗೆ 14 ವಿನ್ಯಾಸಗಳಲ್ಲಿ ಬಂದಿತ್ತು, ಎಲ್ಲವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿದೆ; ಆದರೂ ಅದನ್ನು ಕಂಡರೆ ಮೂಗು ಮುರಿಯುವ ಅಂಗಡಿಗಳಿವೆ, ಹಾಗಾಗಿ ಅಭ್ಯಾಸಕ್ಕೆ ಮನೆಯ ಡಬ್ಬಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಒಂದು ಕಡೆ ಮಾಯವಾದ ನಾಣ್ಯ ಇನ್ನೊಂದು ಕಡೆ ಕಾಣಿಸುವ ಆಟಕ್ಕೆ ಎರಡು ನಾಣ್ಯಗಳನ್ನು ಬಳಸುವವರು ವಿನ್ಯಾಸವನ್ನೂ ಇಸವಿಯನ್ನೂ ಹೊಂದಿಸಿಕೊಂಡಿರಬೇಕು.

ಆರಂಭಕ್ಕೆ ಫ್ರೆಂಚ್ ಡ್ರಾಪ್ ಸಾಕು, ಅಂದರೆ ನಾಣ್ಯವನ್ನು ಇನ್ನೊಂದು ಕೈ ತೆಗೆದುಕೊಂಡಂತೆ ತೋರಿಸಿ ಮೊದಲಿನ ಕೈಯಲ್ಲೇ ಉಳಿಸಿಕೊಳ್ಳುವ ಚಳಕ. ಎಡಗೈಯ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯಲ್ಲಿ ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬಲಗೈ ಅದನ್ನು ತೆಗೆದುಕೊಳ್ಳಲು ಬಂದು, ಹೆಬ್ಬೆರಳು ನಾಣ್ಯದ ಕೆಳಗೂ ಉಳಿದ ಬೆರಳುಗಳು ಅದರ ಮುಂದೆಯೂ ಮರೆಯಾಗಿ ನಿಂತ ಕ್ಷಣದಲ್ಲಿ, ಎಡಗೈಯ ಹೆಬ್ಬೆರಳನ್ನು ತುಸು ಸಡಿಲಿಸಿದರೆ ನಾಣ್ಯ ಅದೇ ಕೈಯ ಬೆರಳುಗಳ ಬುಡಕ್ಕೆ ಬೀಳುತ್ತದೆ. ಬಲಗೈ ಮುಚ್ಚಿಕೊಂಡು ಮುಂದಕ್ಕೆ ಸಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಅಭ್ಯಾಸವನ್ನು ಇಲ್ಲಿಂದ ಆರಂಭಿಸಬಾರದು. ನಾಣ್ಯವನ್ನು ನಿಜವಾಗಿಯೂ ಬಲಗೈಗೆ ತೆಗೆದುಕೊಳ್ಳುವುದನ್ನು ಕನ್ನಡಿಯ ಮುಂದೆ ಮತ್ತೆ ಮತ್ತೆ ಮಾಡಿ, ಮುಷ್ಟಿ ಎಷ್ಟು ಬಿಗಿಯುತ್ತದೆ, ಮೊಣಕೈ ಎಷ್ಟು ಸರಿಯುತ್ತದೆ, ಖಾಲಿಯಾದ ಎಡಗೈ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಗಮನಿಸಿ, ಆಮೇಲೆ ಅದನ್ನೇ ನಕಲು ಮಾಡಬೇಕು. ಹೀಗೆ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ: ನಾಣ್ಯ ಕೊಟ್ಟ ಕೈ ಕೂಡಲೇ ಸಡಿಲವಾಗಿ ಕೆಳಗಿಳಿಯುತ್ತದೆ. ಹೊಸಬರ ಎಡಗೈ ಮಾತ್ರ ಮರಗಟ್ಟಿದಂತೆ ಅಲ್ಲೇ ನಿಂತಿರುತ್ತದೆ, ಗುಟ್ಟು ಹೊರಬೀಳುವುದೂ ಅಲ್ಲಿಯೇ.

ನೋಟದ ಪಾತ್ರ ಕೈಗಿಂತ ದೊಡ್ಡದು. ನಮ್ಮ ಬಡಗುತಿಟ್ಟಿನ ಯಕ್ಷಗಾನ ಕಲಾವಿದ ರಂಗದ ಒಂದು ಮೂಲೆಯನ್ನು ದಿಟ್ಟಿಸಿದರೆ ಸಭೆಯೆಲ್ಲ ಅತ್ತ ತಿರುಗುವಂತೆ, ಜಾದೂಗಾರನ ಕಣ್ಣು ಹೋದಲ್ಲಿಗೆ ನೋಡುಗರ ಗಮನ ಹೋಗುತ್ತದೆ. ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಆಧಾರವಿದೆ. ಜಾದೂಗಾರ ಚೆಂಡನ್ನು ಎರಡು ಸಲ ನಿಜವಾಗಿ ಮೇಲೆಸೆದು, ಮೂರನೆಯ ಸಲ ಚೆಂಡನ್ನು ಕೈಯಲ್ಲೇ ಉಳಿಸಿಕೊಂಡು ಎಸೆದಂತೆ ನಟಿಸುತ್ತಾನೆ. ಅವನ ಕಣ್ಣು ಮೇಲಕ್ಕೆ ಹೋದಾಗ ಶೇ. 68ರಷ್ಟು ಮಂದಿಗೆ ಇಲ್ಲದ ಚೆಂಡು ಮೇಲೇರಿದಂತೆ ಕಂಡಿತು. ಅವನು ಕೈಯನ್ನೇ ನೋಡುತ್ತಿದ್ದಾಗ ಆ ಪ್ರಮಾಣ ಶೇ. 32ಕ್ಕೆ ಇಳಿಯಿತು. ಆದ್ದರಿಂದ ಫ್ರೆಂಚ್ ಡ್ರಾಪ್ ಮಾಡುವಾಗ ನಿಮ್ಮ ದೃಷ್ಟಿ ಬಲಗೈಯ ಜೊತೆಗೇ ಹೋಗಲಿ, ಮುಷ್ಟಿಯನ್ನು ಕೂಡಲೇ ಬಿಚ್ಚದೆ ಒಂದು ಮಾತಾಡುವಷ್ಟು ಹೊತ್ತು ತಡೆಯಿರಿ. ಚಳಕ ನಡೆದ ಗಳಿಗೆಗೂ ನಾಣ್ಯ ಮಾಯವಾದ ಗಳಿಗೆಗೂ ಅಂತರ ಹೆಚ್ಚಿದಷ್ಟೂ ಅವೆರಡನ್ನು ಜೋಡಿಸಿ ಯೋಚಿಸುವುದು ಎದುರಿನವರಿಗೆ ಕಷ್ಟವಾಗುತ್ತದೆ.

ಕುಳಿತುಕೊಳ್ಳುವ ಜಾಗದ ಬಗ್ಗೆ ಎಚ್ಚರವಿರಲಿ. ಶಿರಸಿ ಕಡೆಯ ಮನೆಗಳಲ್ಲಿ ಜಗುಲಿಯ ಮೇಲೆ ದೊಡ್ಡವರೂ ಕೆಳಗಿನ ಮೆಟ್ಟಿಲ ಮೇಲೆ ಮಕ್ಕಳೂ ಕುಳಿತಿರುತ್ತಾರೆ, ಮತ್ತು ಬೆರಳ ಬುಡದಲ್ಲಿ ಅಡಗಿದ ನಾಣ್ಯ ಕೆಳಗಿನಿಂದ ನೋಡುವ ಮಕ್ಕಳಿಗೇ ಮೊದಲು ಕಾಣುತ್ತದೆ. ಗೋಡೆಗೆ ಬೆನ್ನು ಮಾಡಿ, ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು, ಕೈಗಳನ್ನು ತೊಡೆಯ ಮಟ್ಟಕ್ಕೆ ಇಳಿಸಿಕೊಂಡರೆ ಒಳ್ಳೆಯದು.

ಇಸ್ಪೀಟಿನಲ್ಲಿ ಬೆರಳಿಗಿಂತ ಮೊದಲು ತರ್ಕವನ್ನು ಕಲಿಯುವುದು ಲೇಸು. ಎಲೆಗಳನ್ನು ಕಲಸಿದ ಮೇಲೆ ಕಟ್ಟಿನ ಅಡಿಯ ಎಲೆಯನ್ನು ಯಾರಿಗೂ ತಿಳಿಯದಂತೆ ನೋಡಿಕೊಳ್ಳಿ, ಅದು ಕಳಾವರ್ ಎಕ್ಕ ಎಂದಿಟ್ಟುಕೊಳ್ಳೋಣ. ಎದುರಿನವರು ಒಂದು ಎಲೆ ಆರಿಸಿ, ನೋಡಿ, ಕವುಚಿಟ್ಟ ಕಟ್ಟಿನ ಮೇಲೆ ಇಡಲಿ. ಬಳಿಕ ಕಟ್ ಮಾಡಿ ಕೆಳಗಿನ ಭಾಗವನ್ನು ಮೇಲಿಡಲಿ. ಈಗ ಕಳಾವರ್ ಎಕ್ಕ ಅವರ ಎಲೆಯ ಮೇಲೆಯೇ ಕುಳಿತಿರುತ್ತದೆ, ಆದ್ದರಿಂದ ಮೇಲಿನಿಂದ ಒಂದೊಂದೇ ಎಲೆಯನ್ನು ಅಂಗಾತ ಹಾಕುತ್ತ ಹೋದರೆ ಎಕ್ಕದ ಮರುಎಲೆ ಅವರದು. ಎಷ್ಟು ಸಲ ಕಟ್ ಮಾಡಿದರೂ ಎಲೆಗಳ ಸುತ್ತಿನ ಕ್ರಮ ಬದಲಾಗದು. ಎಕ್ಕವೇ ಕೊನೆಯ ಎಲೆಯಾಗಿ ಬಂದರೆ ಮೊದಲು ಹಾಕಿದ ಎಲೆಯೇ ಉತ್ತರ. ಕಲಸಲು ಮಾತ್ರ ಬಿಡಬಾರದು. ಚೌತಿಯ ರಾತ್ರಿ ಇಸ್ಪೀಟಿಗೆ ಕೂರುವ ಮನೆಗಳಲ್ಲಿ ಕಟ್ಟು ಕೈಗೆ ಸಿಕ್ಕೊಡನೆ ಕಲಸುವುದೇ ರೂಢಿ, ಹಾಗಾಗಿ ಅಲ್ಲಿ ಈ ಆಟ ನಡೆಯುವುದಿಲ್ಲ.

ಮುಂದಿನ ಮೆಟ್ಟಿಲು ಡಬಲ್ ಲಿಫ್ಟ್, ಅಂದರೆ ಎರಡು ಎಲೆಗಳನ್ನು ಒಂದೇ ಎಂಬಂತೆ ಮಗುಚುವುದು. ಇಲ್ಲಿಯೂ ಮೊದಲು ಒಂದೇ ಎಲೆಯನ್ನು ನೀವು ಸಹಜವಾಗಿ ಹೇಗೆ ಮಗುಚುತ್ತೀರಿ ಎಂದು ನೋಡಿ, ಎರಡನ್ನೂ ಹಾಗೆಯೇ ಮಗುಚಬೇಕು. ಮಳೆಗಾಲದಲ್ಲಿ ಕಾರವಾರದಂಥ ಊರಿನ ತೇವದ ಗಾಳಿಗೆ ಅಗ್ಗದ ಕಾಗದದ ಎಲೆಗಳು ಉಬ್ಬಿ ಒಂದಕ್ಕೊಂದು ಅಂಟುತ್ತವೆ. ಆಗ ಎರಡರ ಬದಲು ಮೂರು ಎಲೆ ಎದ್ದು ಬರುವುದುಂಟು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎಲೆಗಳನ್ನಿಟ್ಟರೆ ಈ ತೊಂದರೆ ಕಡಿಮೆಯಾಗುತ್ತದೆ.

ಒಂದೇ ಆಟವನ್ನು ಅದೇ ಜನರೆದುರು ಮತ್ತೆ ಮಾಡಬಾರದೆಂಬ ನಿಯಮವಿದೆ. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದ ಹೆಸರಾಂತ ಜಾದೂಗಾರ ಹೌದಿನಿಗೆ, 1922ರಲ್ಲಿ ಇನ್ನೊಬ್ಬ ಜಾದೂಗಾರ ಡೈ ವರ್ನನ್ ಒಂದೇ ಎಲೆ ಮತ್ತೆ ಮತ್ತೆ ಕಟ್ಟಿನ ಮೇಲಕ್ಕೆ ಬರುವುದನ್ನು ತೋರಿಸಿದಾಗ ಗುಟ್ಟು ಹೊಳೆಯಲಿಲ್ಲ. ಆದರೆ ಹಾಗೆ ಮತ್ತೆ ಮಾಡಿ ತೋರಿಸುವುದು ವರ್ನನ್ ಮಟ್ಟದ ಕೈಗೆ ಒಗ್ಗುವ ಮಾತು. ನಮ್ಮ ಹಂತದಲ್ಲಿ ಯಾರಾದರೂ "ಇನ್ನೊಂದ್ಸಲ ಮಾಡಿ" ಎಂದರೆ ನಾಣ್ಯವನ್ನು ಕಿಸೆಗೆ ಸೇರಿಸಿ ಇಸ್ಪೀಟು ಕಟ್ಟನ್ನು ಕೈಗೆತ್ತಿಕೊಳ್ಳುವುದೇ ಸರಿಯಾದ ಉತ್ತರ.