ಮೀಟರಿನಿಂದ ಮನೆಗೆ ಎಷ್ಟು ದಪ್ಪದ ವೈರ್? ಅರ್ಥಿಂಗ್‌ಗೆ ತೆಳು ವೈರ್ ಸಾಕಾ?

ಪ್ರಶ್ನೆ: ತಾಳಿಕೋಟಿ ಹತ್ತಿರ ಮನೆ ಕಟ್ಟಿಸ್ತಾ ಇದ್ದೀವಿ. ಮೀಟರ್ ಗೇಟಿನ ಗೋಡೆಗಿದೆ. ಅಲ್ಲಿಂದ ಒಳಗಿನ ಬೋರ್ಡಿಗೆ 30 ಮೀಟರ್. ಎಲೆಕ್ಟ್ರಿಷಿಯನ್ 4 ಸ್ಕ್ವೇರ್ ಎಂಎಂ ಸಾಕು ಅಂತಾರೆ, ಅಂಗಡಿಯವರು 10 ಹಾಕಿಸಿ ಅಂತಾರೆ. ಯಾರ ಮಾತು ಕೇಳೋಣ? ಅರ್ಥಿಂಗ್‌ಗೆ ತೆಳು ವೈರ್ ನಡೆಯುತ್ತಾ?

ಉತ್ತರ: ಈ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿ. ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರ್ ಕರೆಂಟ್ ಕಂಪನಿ ಹೆಸ್ಕಾಂನ ನಿಯಮದಂತೆ ಆಗಲಿ. ಮೀಟರಿನಿಂದ ಒಳಗಿನದು ನಿಮ್ಮ ಜವಾಬ್ದಾರಿ.

ಮೊದಲು ಲೋಡ್ ಲೆಕ್ಕ ಹಾಕಿ. ಗೀಸರ್ 2000 ವ್ಯಾಟ್, ಒಂದೂವರೆ ಟನ್ ಎಸಿ ಸುಮಾರು 1700, ಒಂದು ಎಚ್‌ಪಿ ಮೋಟಾರ್ ಸುಮಾರು 1100, ಇಸ್ತ್ರಿ ಪೆಟ್ಟಿಗೆ 1000, ಫ್ಯಾನ್, ಲೈಟ್, ಫ್ರಿಜ್ ಸೇರಿ 700. ಎಲ್ಲ ಒಟ್ಟಿಗೆ ಓಡಿದರೆ 6500 ವ್ಯಾಟ್. 230 ವೋಲ್ಟ್‌ಗೆ ಭಾಗಿಸಿದರೆ 28 ಆಂಪ್. ಅಂದರೆ 32 ಆಂಪ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಬೇಕು.

ಎಂಸಿಬಿ ಇರುವುದೇ ವೈರ್ ಕಾಯಲು. ಪೈಪಿನೊಳಗಿನ 4ರ ತಾಮ್ರದ ವೈರಿಗೆ 32 ಆಂಪ್ ತಡೆಯುವ ಶಕ್ತಿ ಇಲ್ಲ. ಎಂಸಿಬಿ ಬೀಳುವ ಮುಂಚೆ ವೈರಿನ ಪ್ಲಾಸ್ಟಿಕ್ಕೇ ಕಾದು ಹಾಳಾಗಬಹುದು. 6ರದ್ದು ಅಂಚಿನ ಮೇಲೆ ನಿಂತ ಹಾಗೆ. ನಿಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಕಾದ ಸ್ಲ್ಯಾಬಿನೊಳಗೆ ಅದರ ತಾಕತ್ತು ಇನ್ನೂ ಇಳಿಯುತ್ತದೆ. ದೂರವೂ ಇದೆ ಅಲ್ವಾ? 28 ಆಂಪ್ ಎಳೆದಾಗ 30 ಮೀಟರಿನಲ್ಲಿ 4ರ ವೈರ್ ಸುಮಾರು 8 ವೋಲ್ಟ್ ನುಂಗಿಬಿಡುತ್ತದೆ, 10ರದ್ದು 3 ಚಿಲ್ಲರೆ ಅಷ್ಟೇ. ಒಳಗೆ ಲೈಟಿಗೆ 1.5, ಸಾಕೆಟ್ಟಿಗೆ 2.5, ಎಸಿ, ಗೀಸರಿಗೆ 4 ಎಳೆಸಿ.

ಇನ್ನು ಅರ್ಥಿಂಗ್. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. 16 ಸ್ಕ್ವೇರ್ ಎಂಎಂವರೆಗೆ ಫೇಸ್ ವೈರ್ (ಕರೆಂಟ್ ತರುವ ವೈರ್) ಎಷ್ಟೋ ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು. ಮೇನ್ 10 ಆದರೆ ಅರ್ಥ್ ಕೂಡ 10.

ಆದರೆ ವೈರ್ ದಪ್ಪ ಇದ್ದ ಮಾತ್ರಕ್ಕೆ ಆಗಲಿಲ್ಲ, ಅರ್ಥ್ ಪೈಪ್ ಹೂಳುವ ಗುಂಡಿಯೂ ಚೆನ್ನಾಗಿರಬೇಕು. ನಿಮ್ಮ ಡೋಣಿ ಹೊಳೆ ಸೀಮೆಯ ಎರೆಮಣ್ಣು ಹಸಿ ಇದ್ದಾಗ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಆಗ ಅರ್ಥಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 10 ಓಮ್‌ಗೆ ಏರಿತು ಅಂತ ಇಟ್ಟುಕೊಳ್ಳಿ. ಗೀಸರಿನಲ್ಲಿ ಫೇಸ್ ಬಾಡಿಗೆ ತಾಗಿದರೆ ಹರಿಯುವುದು 23 ಆಂಪ್ ಮಾತ್ರ. 16ರ ಎಂಸಿಬಿ ಅಷ್ಟಕ್ಕೆ ಬೇಗ ಬೀಳುವುದಿಲ್ಲ. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ, ನಲ್ಲಿಯಲ್ಲಿ ಕರೆಂಟ್ ಇರುತ್ತದೆ. ಸ್ನಾನಕ್ಕೆ ಹೋದವರ ಕೈ ಒದ್ದೆ. ಅದಕ್ಕೇ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು ಅಂತ ಒತ್ತಿ ಹೇಳ್ತೀನಿ.

ಗುಂಡಿಯನ್ನು ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ ತೋಡಿಸಿ. ಜಿಐ ಪೈಪ್ 38 ಮಿಮೀ ಅಗಲ, ಎರಡೂವರೆ ಮೀಟರ್ ಉದ್ದಕ್ಕೆ ಕಡಿಮೆ ಬೇಡ. ಸುತ್ತ ಇದ್ದಿಲು, ಉಪ್ಪು ತುಂಬಿಸಿ, ನೀರು ಹಾಕಲು ಮೇಲೆ ಕೊಳವೆ ಬಿಡಿಸಿ. ಬೇಸಿಗೆಯಲ್ಲಿ ಆಗಾಗ ಕೊಡ ನೀರು ಸುರಿಯಿರಿ. ಅರ್ಥ್ ಟೆಸ್ಟರ್ ಹಚ್ಚಿ ಮೇ ತಿಂಗಳಲ್ಲೇ ಅಳೆಸಿ, ಮಳೆಗಾಲದ ಅಳತೆ ನಂಬಬೇಡಿ.

ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೇ ಅರ್ಥಿಗೆ ಸೇರಿಸಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಹಾಗೆ ಮಾಡಲು ಖಂಡಿತ ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟ್ ಬರುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಸಾಕೆಟ್ ಬಿಚ್ಚಿಸಿ, ಹಸಿರು ವೈರ್ ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡಿಕೊಂಡೇ ಬಿಲ್ ಚುಕ್ತಾ ಮಾಡಿ.